ಮಾತಿಗಿಂತ ಮೊದಲು ಬೆರಳು ನೋಡಿ

ಪ್ರಶ್ನೆ

ನಾವು ವಿಜಯಪುರದ ಕಡೆಯವರು. ಆರು ವರ್ಷಗಳಿಂದ ಪುಣೆಯ ಚಿಂಚವಡದಲ್ಲಿ ಇದ್ದೇವೆ. ಮಗನಿಗೆ ಈಗ 20 ತಿಂಗಳು. 13ನೇ ತಿಂಗಳಿಗೆ ನಡೆದ. ಮಾತು ಮಾತ್ರ ಎರಡೇ: ‘ಅವ್ವ’, ‘ಬೂವಾ’. ಅವೂ ದಿನಾ ಬರುವುದಿಲ್ಲ. ‘ಟಾಟಾ’ ಅನ್ನುತ್ತಿದ್ದ, ಮೂರು ತಿಂಗಳಿಂದ ಅದೂ ನಿಂತಿದೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಟಿ.ವಿ.ಯಲ್ಲಿ ಜಾಹೀರಾತಿನ ಸಂಗೀತ ಬಂದರೆ ಒಳಕೋಣೆಯಿಂದ ಓಡಿ ಬರುತ್ತಾನೆ. ಬಿಸ್ಕತ್ತು ಬೇಕಾದರೆ ನನ್ನ ಮಣಿಕಟ್ಟು ಹಿಡಿದೆಳೆದು ಡಬ್ಬಿಯ ಮೇಲೆ ಇಡುತ್ತಾನೆ. ಆಟದ ಕಾರು ಕೊಟ್ಟರೆ ಬೋರಲು ಹಾಕಿ ಗಾಲಿ ತಿರುಗಿಸುತ್ತ ಕೂತುಬಿಡುತ್ತಾನೆ. ಮನೆಯಲ್ಲಿ ಕನ್ನಡ, ಅವನನ್ನು ನೋಡಿಕೊಳ್ಳುವ ಮಾವಶಿಯದು ಮರಾಠಿ, ಸೊಸೈಟಿಯಲ್ಲಿ ಹಿಂದಿ, ಫೋನಿನಲ್ಲಿ ಇಂಗ್ಲಿಷ್ ರೈಮ್ಸ್. ‘ನಾಲ್ಕು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ’ ಎಂದು ಪ್ಲೇಸ್ಕೂಲಿನವರು ಹೇಳಿದರು. ಅತ್ತೆಯವರು ‘ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅನ್ನುತ್ತಾರೆ. ಮಕ್ಕಳ ಡಾಕ್ಟರು ಮೂರು ವರ್ಷದವರೆಗೆ ನೋಡೋಣ ಅಂದಿದ್ದಾರೆ. ಇದು ಆಟಿಸಂ ಇರಬಹುದೇ? 15ನೇ ತಿಂಗಳ ಎಂಎಂಆರ್ ಲಸಿಕೆ ಆದ ಮೇಲೆ ಹೀಗಾಯಿತೇ? ಈಗ ಏನು ಮಾಡಬೇಕು?

ಉತ್ತರ

ಮೂರು ವರ್ಷದವರೆಗೆ ಕಾಯಬೇಡಿ. ಈ ವಾರವೇ ಕಿವಿಯ ಪರೀಕ್ಷೆಗೆ ಹೆಸರು ಬರೆಸಿ. ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ ಎಂದು ಬೋರ್ಡಿರುವ, ಅಂದರೆ ಮಕ್ಕಳ ಬೆಳವಣಿಗೆಯನ್ನೇ ಓದಿಕೊಂಡ ವೈದ್ಯರನ್ನು ಒಂದು ತಿಂಗಳೊಳಗೆ ಕಾಣಿ. ಆಟಿಸಂ ಎಂದರೆ ಬೇರೆಯವರೊಂದಿಗೆ ಬೆರೆಯುವ, ಸಂವಹನ ಮಾಡುವ ರೀತಿಯೇ ಬೇರೆಯಾಗಿ ಬೆಳೆಯುವ ಸ್ಥಿತಿ. ಪತ್ರ ಓದಿ ‘ಇದು ಆಟಿಸಂ’ ಎಂದು ಯಾರೂ ಹೇಳಲಾರರು, ಹೇಳಲೂಬಾರದು. ಆದರೆ ಕೂಗಿದರೆ ತಿರುಗದಿರುವುದು, ಬಂದ ಮಾತು ಹೋಗಿರುವುದು, ಅಮ್ಮನ ಕೈಯನ್ನು ಸಲಕರಣೆಯ ಹಾಗೆ ಬಳಸುವುದು, ಗಾಲಿಯಲ್ಲೇ ಮುಳುಗಿರುವುದು, ಈ ನಾಲ್ಕೂ ಒಂದೇ ಮಗುವಿನಲ್ಲಿ ಕಂಡಾಗ ‘ಗಂಡುಹುಡುಗರು ತಡ’ ಎಂದು ಸುಮ್ಮನಿರುವ ಹಾಗಿಲ್ಲ. ನಾಲ್ಕರಲ್ಲಿ ಒಂದು, ಅಂದರೆ ಬಂದಿದ್ದ ಮಾತು ನಿಂತುಹೋಗುವುದು, ತಾನೊಂದೇ ಇದ್ದರೂ ಯಾವ ವಯಸ್ಸಿನಲ್ಲಾದರೂ ತಕ್ಷಣ ತಜ್ಞರಿಗೆ ತೋರಿಸಬೇಕಾದ ಸಂಗತಿ.

ನೀವು ಬರೆಯದೆ ಬಿಟ್ಟ ಒಂದು ವಿಷಯ ಎಲ್ಲಕ್ಕಿಂತ ಮುಖ್ಯ. ನಿಮ್ಮ ಮಗ ಬೆರಳು ಮಾಡಿ ತೋರಿಸುತ್ತಾನೆಯೇ?

ಮಕ್ಕಳ ಬೆರಳಿಗೆ ಎರಡು ಕೆಲಸ. ಒಂದು ‘ಬೇಕು’ ಎನ್ನುವ ಬೆರಳು: ಮೇಲಿನ ಶೆಲ್ಫಿನಲ್ಲಿರುವ ಬಾಳೆಹಣ್ಣಿನ ಕಡೆ ಚಾಚುವುದು. ಇನ್ನೊಂದು ‘ನೋಡು’ ಎನ್ನುವ ಬೆರಳು. ಬಾಲ್ಕನಿಯ ಜಾಲರಿಯ ಮೇಲೆ ಪಾರಿವಾಳ ಕೂತಿದೆ. ಮಗುವಿಗೆ ಅದು ಬೇಕಾಗಿಲ್ಲ. ಆದರೂ ತೋರುಬೆರಳು ಚಾಚುತ್ತದೆ, ‘ಆ!’ ಅನ್ನುತ್ತದೆ, ಕೂಡಲೇ ಕುತ್ತಿಗೆ ಹೊರಳಿಸಿ ನಿಮ್ಮ ಮುಖ ನೋಡುತ್ತದೆ, ಮತ್ತೆ ಪಾರಿವಾಳದ ಕಡೆ ತಿರುಗುತ್ತದೆ. ಇಷ್ಟೂ ಎರಡು ಸೆಕೆಂಡಿನ ಕೆಲಸ. ಪಾರಿವಾಳ, ಅಮ್ಮ, ಮತ್ತೆ ಪಾರಿವಾಳ: ಈ ಮೂರು ಹೆಜ್ಜೆಯ ನೋಟದಲ್ಲಿ ‘ನಾನು ಕಂಡದ್ದನ್ನು ನೀನೂ ಕಾಣು’ ಎಂಬ ಬಯಕೆ ಇದೆ. ಭಾಷೆ ಹುಟ್ಟುವುದೇ ಆ ಬಯಕೆಯಿಂದ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಇದು ಶುರುವಾಗುತ್ತದೆ. 18 ತಿಂಗಳಾದರೂ ಇಲ್ಲವೆಂದರೆ ಪರೀಕ್ಷೆ ಆಗಲೇಬೇಕು.

ನಮ್ಮ ಅಜ್ಜಿಯರು ತುತ್ತು ಉಣಿಸುವಾಗ ಚಂದಮಾಮನನ್ನು ತೋರಿಸುತ್ತಿದ್ದರಲ್ಲ, ಅದು ಪ್ರತಿ ರಾತ್ರಿ ತಾನಾಗಿಯೇ ನಡೆಯುತ್ತಿದ್ದ ಬೆಳವಣಿಗೆಯ ಪರೀಕ್ಷೆ. ಮಗು ಅಜ್ಜಿಯ ಬೆರಳ ತುದಿ ನೋಡುತ್ತದೆಯೋ, ಬೆರಳು ಹೋದ ಕಡೆ ಆಕಾಶ ನೋಡುತ್ತದೆಯೋ ಎಂದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು.

ಬೆರಳಿಗೆ ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಆಟಿಸಂ ಇರುವ 11 ಮಕ್ಕಳ ವಿವರವನ್ನು ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಮೇಲೂ ಎಷ್ಟೋ ವರ್ಷ ಮೂರು-ನಾಲ್ಕು ವರ್ಷಕ್ಕೆ ಮುಂಚೆ ಇದನ್ನು ಗುರುತಿಸಲಾಗದು ಎಂದೇ ನಂಬಿದ್ದರು. 1994ರಲ್ಲಿ ಆಸ್ಟರ್ಲಿಂಗ್ ಮತ್ತು ಡಾಸನ್ ಎಂಬ ಸಂಶೋಧಕರು ಹಳೆಯ ವಿಡಿಯೊಗಳನ್ನು ತರಿಸಿಕೊಂಡರು. ಮುಂದೆ ಆಟಿಸಂ ಎಂದು ಗೊತ್ತಾದ 11 ಮಕ್ಕಳದು, ಬೇರೆ 11 ಮಕ್ಕಳದು. ಎಲ್ಲವೂ ಮೊದಲ ಹುಟ್ಟುಹಬ್ಬದ ದಿನ ಮನೆಯವರು ತೆಗೆದವು. ಎರಡು ಗುಂಪುಗಳನ್ನು ಬೇರೆ ಮಾಡಿದ್ದು ನಾಲ್ಕು ನಡವಳಿಕೆ: ಮುಖ ನೋಡುವುದು, ವಸ್ತುವನ್ನು ತಂದು ತೋರಿಸುವುದು, ಬೆರಳು ಮಾಡುವುದು, ಹೆಸರಿಗೆ ತಿರುಗುವುದು. 1996ರಲ್ಲಿ ಬ್ರಿಟನ್ನಿನಲ್ಲಿ 18 ತಿಂಗಳ 16,000 ಮಕ್ಕಳನ್ನು ಪರೀಕ್ಷಿಸಿದಾಗ ‘ನೋಡು’ ಬೆರಳು, ದೊಡ್ಡವರ ನೋಟ ಹೋದ ಕಡೆ ತಾನೂ ನೋಡುವುದು, ಸುಳ್ಳುಸುಳ್ಳೇ ಚಹಾ ಕುಡಿಯುವಂಥ ಆಟ, ಈ ಮೂರೂ ಇಲ್ಲದಿದ್ದವರು 12 ಮಕ್ಕಳು. ಅವರಲ್ಲಿ 10 ಮಕ್ಕಳಿಗೆ ಮುಂದೆ ಆಟಿಸಂ ಎಂದು ಖಚಿತವಾಯಿತು. ಆದರೆ ಆ ಪರೀಕ್ಷೆ ತಪ್ಪಿಸಿಕೊಂಡ ಮಕ್ಕಳೂ ಬಹಳ ಇದ್ದರು. ಅಂದರೆ ಬೆರಳು ಇಲ್ಲದಿದ್ದರೆ ಎಚ್ಚರ ಬೇಕು. ಇದ್ದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ.

ಅತ್ತೆಯವರ ಮಾತಿಗೆ ಉತ್ತರವೂ ಇಲ್ಲೇ ಇದೆ. ತಡವಾಗಿ ಮಾತಾಡುವ ಮಕ್ಕಳು ನಿಜವಾಗಿಯೂ ಇದ್ದಾರೆ, ಅವರಲ್ಲಿ ಹುಡುಗರೇ ಹೆಚ್ಚು. ಬಾಯಿ ಬರದಿದ್ದರೂ ಅಂಥ ಮಗು ಮೈಯೆಲ್ಲ ಮಾತಾಡುತ್ತದೆ. ಬೆರಳು ಮಾಡುತ್ತದೆ, ತಲೆ ಅಲ್ಲಾಡಿಸುತ್ತದೆ, ಚಪ್ಪಲಿ ತಂದು ಕೊಟ್ಟು ಬಾಗಿಲ ಕಡೆ ನೋಡುತ್ತದೆ, ‘ಅಪ್ಪನ ಚಾಳೀಸು ತಾ’ ಅಂದರೆ ತರುತ್ತದೆ. ‘ನನ್ನ ಮಗ ಒಂದೂವರೆ ವರ್ಷಕ್ಕೆ ಏನೇನು ತೋರಿಸುತ್ತಿದ್ದ?’ ಎಂದು ಅತ್ತೆಯವರನ್ನೇ ಕೇಳಿ. ಅವರ ನೆನಪು ವೈದ್ಯರಿಗೂ ಬೇಕಾಗುತ್ತದೆ, ಏಕೆಂದರೆ ಆಟಿಸಂನಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಅವರನ್ನು ಎದುರು ಹಾಕಿಕೊಳ್ಳಬೇಡಿ. ಅಜ್ಜಿಯ ಒಡನಾಟ ಹೆಚ್ಚಿರುವ ಮಕ್ಕಳಲ್ಲಿ ಆಟಿಸಂ ಸುಮಾರು 5 ತಿಂಗಳು ಮುಂಚೆಯೇ ಗುರುತಾಗಿತ್ತು ಎಂದು 2018ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಇನ್ನು ಭಾಷೆಯ ವಿಷಯ. ಪುಣೆ, ಮುಂಬೈ, ಗೋವಾದ ಕನ್ನಡದ ಮನೆಗಳಲ್ಲಿ ಹೆಚ್ಚು ಹಾನಿ ಮಾಡುವ ಸಲಹೆ ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕು ಭಾಷೆ ಕೇಳುವ ಮಗುವಿಗೆ ಒಂದೊಂದು ಭಾಷೆಯಲ್ಲೂ ಪದ ಕಡಿಮೆ ಇರಬಹುದು. ಆದ್ದರಿಂದ ಎಲ್ಲವನ್ನೂ ಕೂಡಿಸಿ ಎಣಿಸಬೇಕು. ‘ನೀರು’ ಅಂದರೂ ಒಂದು, ‘ಪಾಣಿ’ ಅಂದರೂ ಒಂದು. ಕಾಗೆ ಕಂಡಾಗ ಮಾವಶಿ ಕಲಿಸಿದ ‘ಕಾಊ’ ಅಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ಗಾಡಿ ಕಂಡಾಗಲೆಲ್ಲ ‘ಬುರ್ರ್’ ಅಂದರೆ ಅದೂ ಪದವೇ. ಹೀಗೆ ಎಣಿಸಿದ ಮೇಲೂ ನಿಮ್ಮ ಮಗನಿಗೆ ಎರಡೇ ಪದ ಇವೆ, ಒಂದು ಹೋಗಿದೆ. ಅದಕ್ಕಿಂತ ಹೆಚ್ಚಾಗಿ, ಬೆರಳಿಗೆ ಭಾಷೆ ಇಲ್ಲ. ತನ್ನ ಹೆಸರಿಗೆ ತಿರುಗುವುದಕ್ಕೆ ಕನ್ನಡವೂ ಬೇಡ, ಮರಾಠಿಯೂ ಬೇಡ. ನಾಲ್ಕು ಭಾಷೆಯ ಗೊಂದಲ ಎಂಬ ವಿವರಣೆ ಇಲ್ಲಿ ಹೊಂದುವುದೇ ಇಲ್ಲ.

ಆಟಿಸಂ ಇರುವ ಮಕ್ಕಳಲ್ಲೂ ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ ಎಂದು ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಕಂಡುಕೊಂಡವು. ಕನ್ನಡ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ನೀವು ಅವನೊಂದಿಗೆ ಆಡುವ ಮಾತು ‘ಕಮ್’, ‘ಸಿಟ್’, ‘ನೋ’ಗೆ ಇಳಿಯುತ್ತದೆ. ಮುದ್ದು, ಗದರಿಕೆ, ಜೋಗುಳ, ‘ಏನ್ ಮಾಡಾಕತ್ತಿ ಬಂಗಾರ’ ಎಲ್ಲ ನಿಲ್ಲುತ್ತದೆ. ಊರಿನಿಂದ ಬಂದ ಅಜ್ಜಿ ಮೊಮ್ಮಗನ ಮುಂದೆ ಮೂಕಿಯಾಗುತ್ತಾರೆ. ಮುಖ ನೋಡಿ ಮಾತಾಡುವವರು ಕಡಿಮೆಯಾಗುವುದು ಈ ಮಗುವಿಗೆ ಆಗಬಾರದ್ದು. ಕನ್ನಡವನ್ನೇ ಮಾತಾಡಿ. ಮಾವಶಿ ಮರಾಠಿಯನ್ನೇ ಮಾತಾಡಲಿ.

ನಿಲ್ಲಿಸಬೇಕಾದದ್ದು ಫೋನು. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಊರಿನ ಅಜ್ಜ-ಅಜ್ಜಿಯೊಂದಿಗಿನ ವಿಡಿಯೊ ಕಾಲ್ ಮಾತ್ರ ಇರಲಿ. ಪರದೆ ನೋಡಿಯೇ ಆಟಿಸಂ ಬರುತ್ತದೆ ಎನ್ನುವ ‘ವರ್ಚುವಲ್ ಆಟಿಸಂ’ ಎಂಬ ಮಾತು ಈಗ ಓಡಾಡುತ್ತಿದೆ. ಅದು ವೈದ್ಯಕೀಯ ರೋಗನಿರ್ಣಯವಲ್ಲ. ಫೋನು ತೆಗೆದ ಎರಡು-ಮೂರು ವಾರದಲ್ಲಿ ಕೆಲವು ಮಕ್ಕಳು ಹೆಚ್ಚು ಮುಖ ನೋಡುತ್ತಾರೆ, ಅದು ಒಳ್ಳೆಯದೇ. ಆದರೆ ‘ಫೋನಿನಿಂದಲೇ ಆಗಿದ್ದು, ಸರಿಹೋಯಿತು’ ಎಂದುಕೊಂಡು ತಪಾಸಣೆಯನ್ನು ಮುಂದೂಡಿದರೆ ಆರು ತಿಂಗಳು ಕೈತಪ್ಪುತ್ತವೆ.

ಲಸಿಕೆಯ ಅನುಮಾನ ಸಹಜ, ಏಕೆಂದರೆ ಕಾಲ ಕೂಡಿಬರುತ್ತದೆ. ಆಟಿಸಂನ ಲಕ್ಷಣ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ತಿಳಿದರೆ ಗಂಟು ಸಡಿಲವಾಗುತ್ತದೆ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದಾಗ ತಮ್ಮ-ತಂಗಿಯನ್ನು ಹುಟ್ಟಿನಿಂದಲೇ ಗಮನಿಸುತ್ತ ಬಂದ ಅಧ್ಯಯನಗಳು ಬಹಳ ನಡೆದಿವೆ. 2013ರ ಅಂಥದೊಂದರಲ್ಲಿ, ಮುಂದೆ ಆಟಿಸಂ ಎಂದಾದ ಶಿಶುಗಳು ಎದುರಿನವರ ಕಣ್ಣು ನೋಡುವ ಹೊತ್ತು ಎರಡನೇ ತಿಂಗಳಿನಿಂದ ಆರನೇ ತಿಂಗಳೊಳಗೆ ಇಳಿಯತೊಡಗಿತ್ತು. ಹುಟ್ಟಿದಾಗ ಆ ನೋಟ ಇರಲಿಲ್ಲ ಎಂದಲ್ಲ. ಇದ್ದದ್ದು ಮೆಲ್ಲಗೆ ಕಡಿಮೆಯಾಯಿತು. ಆರು ತಿಂಗಳಿಗೆ ನಗು, ಕೇಕೆ ಉಳಿದವರಂತೆಯೇ ಕಾಣುತ್ತವೆ, ಆರರಿಂದ ಹನ್ನೆರಡರ ನಡುವೆ ಇಳಿಜಾರು ಶುರುವಾಗುತ್ತದೆ ಎಂದು 2010ರ ಇನ್ನೊಂದು ಅಧ್ಯಯನ ಹೇಳುತ್ತದೆ. ಮೆದುಳಿನ ಹೊರಪದರದ ಹರವು 6ರಿಂದ 12 ತಿಂಗಳ ನಡುವೆ ಅತಿಯಾಗಿ ಹಿಗ್ಗುವುದನ್ನು 2017ರಲ್ಲಿ ಎಂಆರ್‌ಐ ಮೂಲಕ ಕಂಡರು. ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಮಗುವಿಗೆ ಒಂದೂಕಾಲು, ಒಂದೂವರೆ ವರ್ಷ. ಮಾತಿನ ನಿರೀಕ್ಷೆ ಶುರುವಾಗುವ ವಯಸ್ಸೂ ಅದೇ, ಲಸಿಕೆಯ ವಯಸ್ಸೂ ಅದೇ. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಂಆರ್ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅನುಮಾನ ಹುಟ್ಟಿಸಿದ 1998ರ ಲೇಖನ 12 ಮಕ್ಕಳ ಮೇಲೆ ನಿಂತಿತ್ತು; ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸು ಪಡೆಯಿತು. ಉಳಿದ ಲಸಿಕೆಗಳನ್ನು ತಪ್ಪದೆ ಹಾಕಿಸಿ. ತಾಯಿ ಪ್ರೀತಿ ಕೊಡದಿದ್ದರೆ ಹೀಗಾಗುತ್ತದೆ ಎಂಬ ಮಾತೂ ಒಂದು ಕಾಲಕ್ಕೆ ಇತ್ತು. ಅದು ತಪ್ಪೆಂದು ಎಂದೋ ಸಾಬೀತಾಗಿದೆ. ನೀವು ಕೆಲಸಕ್ಕೆ ಹೋಗುವುದರಿಂದಾಗಲಿ, ಮಾವಶಿ ನೋಡಿಕೊಳ್ಳುವುದರಿಂದಾಗಲಿ ಇದು ಬರುವುದಿಲ್ಲ.

ವೈದ್ಯರನ್ನು ಕಾಣುವ ಮೊದಲು ಮನೆಯಲ್ಲಿ ಕೆಲವನ್ನು ನೋಡಿ ಬರೆದಿಡಿ. ಮಗು ಉಂಡು, ನಿದ್ದೆ ಮಾಡಿ ಎದ್ದ ಹೊತ್ತು ಆರಿಸಿಕೊಳ್ಳಿ. ಟಿ.ವಿ., ಫೋನು ಬಂದ್ ಇರಲಿ. ಅವನು ಆಡುತ್ತಿರುವಾಗ ಪಕ್ಕದಿಂದ, ನಾಲ್ಕೈದು ಅಡಿ ದೂರದಿಂದ, ಎಂದಿನ ದನಿಯಲ್ಲಿ ಹೆಸರು ಕರೆಯಿರಿ. ಐದು ಸೆಕೆಂಡು ಬಿಡಿ. ಹೀಗೆ ಮೂರು ಸಲ. ಇಲ್ಲಿ ಆಗುವ ತಪ್ಪು ಎಂದರೆ ಚಪ್ಪಾಳೆ ತಟ್ಟುವುದು, ಭುಜ ಮುಟ್ಟುವುದು, ‘ಬಿಸ್ಕತ್ತು ಬೇಕಾ’ ಎಂದು ಸೇರಿಸುವುದು. ಆಗ ಅವನು ತಿರುಗಿದ್ದು ಯಾವುದಕ್ಕೆ ಎಂದು ತಿಳಿಯದು. ಬಳಿಕ ಕಿಟಕಿಯಾಚೆ ಏನನ್ನಾದರೂ ತೋರಿಸಿ ‘ಅಲ್ನೋಡು’ ಅನ್ನಿ. ಅವನ ಕಣ್ಣು ನಿಮ್ಮ ಕೈಯಲ್ಲೇ ನಿಲ್ಲುತ್ತದೆಯೇ, ಅತ್ತ ಹೋಗುತ್ತದೆಯೇ? ಪಾರದರ್ಶಕ ಡಬ್ಬಿಯಲ್ಲಿ ಚುರುಮುರಿ ಹಾಕಿ ಮುಚ್ಚಳ ಬಿಗಿದು ಕೈಗೆ ಕೊಡಿ. ನಿಮಗೆ ವಾಪಸು ಕೊಡುವಾಗ ಮುಖ ನೋಡುತ್ತಾನೆಯೇ, ನಿಮ್ಮ ಕೈಯನ್ನು ಮಾತ್ರ ಮುಚ್ಚಳದ ಮೇಲೆ ಇಡುತ್ತಾನೆಯೇ? ಸೋಪಿನ ಗುಳ್ಳೆ ಎರಡು ಸಲ ಊದಿ ಮೂರನೆಯದಕ್ಕೆ ತಡೆಯಿರಿ. ‘ಮತ್ತೆ’ ಎಂದು ಯಾವ ರೀತಿಯಲ್ಲಾದರೂ ಕೇಳುತ್ತಾನೆಯೇ? ಖಾಲಿ ಲೋಟದಿಂದ ನೀವು ಚಹಾ ಕುಡಿದಂತೆ ಮಾಡಿದರೆ ಅವನೂ ಮಾಡುತ್ತಾನೆಯೇ?

ಆಟಿಸಂನ ಸುಳಿವು ಹುಡುಕುವ ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗಾಗಿಯೇ ಇದೆ, ಬಳಕೆಗೆ ಹಣ ಕೊಡಬೇಕಿಲ್ಲ. ತುಂಬುವಾಗ ಮುಖ್ಯವಾದ ನಿಯಮ: ಒಂದೆರಡು ಸಲ ಮಾಡಿದ್ದಾನೆ, ಆದರೆ ಸಾಮಾನ್ಯವಾಗಿ ಮಾಡುವುದಿಲ್ಲ ಎಂದರೆ ಉತ್ತರ ‘ಇಲ್ಲ’. ಮನೆಯವರು ಎಡವುವುದು ಇಲ್ಲೇ. ‘ದೀಪಾವಳಿಗೆ ಒಮ್ಮೆ ಬೆರಳು ಮಾಡಿದ್ದ’ ಎಂದು ‘ಹೌದು’ ಹಾಕಿಬಿಡುತ್ತಾರೆ. ಹೆಚ್ಚಿನ ಪ್ರಶ್ನೆಗಳಲ್ಲಿ ‘ಇಲ್ಲ’ ಎಂದರೆ ಒಂದು ಅಂಕ. 2, 5 ಮತ್ತು 12ನೇ ಪ್ರಶ್ನೆಗಳಲ್ಲಿ ಮಾತ್ರ ‘ಹೌದು’ ಎಂದರೆ ಅಂಕ. 0ರಿಂದ 2 ಬಂದರೆ ಸದ್ಯಕ್ಕೆ ಕಡಿಮೆ ಆತಂಕ; ಎರಡು ವರ್ಷಕ್ಕೆ ಮತ್ತೊಮ್ಮೆ ತುಂಬಬೇಕು. 3ರಿಂದ 7 ಬಂದರೆ ತರಬೇತಿ ಇರುವವರು ಆ ಪ್ರಶ್ನೆಗಳನ್ನೇ ಹಿಡಿದು ಉದಾಹರಣೆ ಸಹಿತ ಮತ್ತೆ ಕೇಳುತ್ತಾರೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಪಾಸಣೆ. ಈ ಅಂಕ ರೋಗನಿರ್ಣಯವಲ್ಲ. 2014ರಲ್ಲಿ ಪ್ರಕಟವಾದ, 16,000ಕ್ಕೂ ಹೆಚ್ಚು ಮಕ್ಕಳ ಅಧ್ಯಯನದಲ್ಲಿ ಎರಡೂ ಹಂತದಲ್ಲಿ ಸಿಕ್ಕಿಬಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಆದರೆ ನೂರಕ್ಕೆ 95 ಮಕ್ಕಳಿಗೆ ಬೆಳವಣಿಗೆಯ ಏನಾದರೊಂದು ತೊಂದರೆ ಅಥವಾ ಕಳವಳಕ್ಕೆ ಕಾರಣ ಇದ್ದೇ ಇತ್ತು. ಹಾಗೆಯೇ ಅಂಕ ಕಡಿಮೆ ಬಂದಿತೆಂದು ನಿಮ್ಮ ಆತಂಕವನ್ನು ಕೈಬಿಡಬೇಡಿ. ಅಮೆರಿಕದ ಒಂದು ದೊಡ್ಡ ಆಸ್ಪತ್ರೆ ಜಾಲದಲ್ಲಿ ಈ ಪಟ್ಟಿಯ ಹಿಂದಿನ ಆವೃತ್ತಿಯನ್ನು ಎಲ್ಲ ಮಕ್ಕಳಿಗೂ ಬಳಸಿ ನೋಡಿದಾಗ ಮುಂದೆ ಆಟಿಸಂ ಎಂದಾದವರಲ್ಲಿ ಅದು ಹಿಡಿದದ್ದು ನೂರಕ್ಕೆ 39 ಮಕ್ಕಳನ್ನು ಮಾತ್ರ.

ಕಿವಿಯ ಪರೀಕ್ಷೆ ಯಾಕೆ ಮೊದಲು? ‘ಜಾಹೀರಾತು ಕೇಳಿಸುತ್ತದಲ್ಲ, ಕಿವಿ ಸರಿ ಇದೆ’ ಎಂದು ಎಲ್ಲರೂ ಅನ್ನುತ್ತಾರೆ. ಜೋರಾದ, ದಪ್ಪ ಸಂಗೀತ ಕೇಳಿಸಿಯೂ ಮಾತಿನ ‘ಸ’, ‘ತ’, ‘ಕ’ದಂಥ ತೆಳು ದನಿಗಳು ಕೇಳಿಸದ ಮಕ್ಕಳಿದ್ದಾರೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ನೀರು ತುಂಬಿ ಶಬ್ದ ಮಂಕಾಗುವುದೂ ಉಂಟು. ಮೂರು ಪರೀಕ್ಷೆ ಕೇಳಿ: ಮಧ್ಯಕಿವಿಗೆ ಟಿಂಪನೊಮೆಟ್ರಿ, ಒಳಕಿವಿಗೆ ಒಎಇ, ಕಿವಿಯ ನರಕ್ಕೆ ಬೇರಾ. ಒಎಇ ಕೆಲವೇ ನಿಮಿಷದ್ದು, ಆದರೆ ಕಿವಿಯಿಂದ ಮೆದುಳಿಗೆ ಹೋಗುವ ನರದ ತೊಂದರೆ ಅದರಲ್ಲಿ ತಿಳಿಯುವುದಿಲ್ಲ, ಅದಕ್ಕೇ ಬೇರಾ. ಬೇರಾಕ್ಕೆ ಮಗು ಗಾಢವಾಗಿ ನಿದ್ದೆ ಮಾಡಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಕಾರಿನಲ್ಲಿ ತೂಕಡಿಸಲು ಬಿಡಬೇಡಿ. ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಎಲೆಕ್ಟ್ರೋಡ್ ಅಂಟುವುದಿಲ್ಲ. ನಿದ್ದೆಯ ಸಿರಪ್ ಬೇಕಾದರೆ ಆಸ್ಪತ್ರೆಯಲ್ಲೇ, ಅವರ ಕಣ್ಣೆದುರಿಗೇ ಕೊಡಿಸಿ. ಮನೆಯಲ್ಲಿ ಕುಡಿಸಿಕೊಂಡು ಹೊರಡಬೇಡಿ.

ಪುಣೆಯಲ್ಲಿ ರಾಸ್ತಾ ಪೇಠೆಯ ಕೆಇಎಂ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ಕೇಂದ್ರವಿದೆ. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಸಸೂನ್. ಮುಂಬೈಯವರಿಗೆ ಕಿವಿ-ಮಾತಿನ ಪರೀಕ್ಷೆಗೆ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಬೆಳವಣಿಗೆಯ ತಪಾಸಣೆಗೆ ನಾಯರ್ ಆಸ್ಪತ್ರೆ ಮತ್ತು ಉಮ್ಮೀದ್ ಕೇಂದ್ರಗಳಿವೆ. ಗೋವಾದವರಿಗೆ ಬಾಂಬೋಳಿಯ ವೈದ್ಯಕೀಯ ಕಾಲೇಜು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಆರಂಭಿಕ ಚಿಕಿತ್ಸಾ ಕೇಂದ್ರಗಳೂ ಇವೆ. ಕನ್ನಡದಲ್ಲೇ ಮಾತಾಡುವ ಸ್ಪೀಚ್ ಥೆರಪಿಸ್ಟ್ ಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಕೇಳಬಹುದು, ದೂರದಿಂದಲೇ ಆನ್‌ಲೈನ್ ಮಾರ್ಗದರ್ಶನ ಕೊಡುವ ವ್ಯವಸ್ಥೆ ಅವರಲ್ಲಿದೆ. ಎಲ್ಲೇ ಹೋಗಿ, ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ.

ತಜ್ಞರು ಮಗುವಿನೊಂದಿಗೆ ಆಡುತ್ತಾರೆ, ನಿಮ್ಮನ್ನು ಬಹಳ ಹೊತ್ತು ಕೇಳುತ್ತಾರೆ, ತಲೆಯ ಸುತ್ತಳತೆ ಅಳೆಯುತ್ತಾರೆ. ಹತ್ತು ನಿಮಿಷದಲ್ಲಿ ಮುಗಿದುಹೋದರೆ ಅದು ತಪಾಸಣೆಯಲ್ಲ. ಇಷ್ಟು ಚಿಕ್ಕ ವಯಸ್ಸಿನ ನಿರ್ಣಯ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ 2019ರಲ್ಲಿ ಪ್ರಕಟವಾದ 1,269 ಮಕ್ಕಳ ಅಧ್ಯಯನ ಉತ್ತರ ಕೊಟ್ಟಿದೆ: 16 ತಿಂಗಳ ಹೊತ್ತಿಗೆ ತಜ್ಞರು ಕೊಟ್ಟ ಆಟಿಸಂ ನಿರ್ಣಯ ನೂರರಲ್ಲಿ ಸುಮಾರು 83 ಮಕ್ಕಳಲ್ಲಿ ಮುಂದೆಯೂ ಹಾಗೇ ಉಳಿಯಿತು. ಒಂದು ವರ್ಷಕ್ಕೆ ಕೊಟ್ಟದ್ದು ಅರ್ಧದಷ್ಟು ಮಾತ್ರ. 20 ತಿಂಗಳು ತಪಾಸಣೆಗೆ ಸರಿಯಾದ ವಯಸ್ಸೇ.

ಎಂಆರ್‌ಐ, ಇಇಜಿ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಫಿಟ್ಸ್ ಬಂದಿದ್ದರೆ, ಕಲಿತದ್ದೆಲ್ಲ ಗಣನೀಯವಾಗಿ ಮರೆತುಹೋಗುತ್ತಿದ್ದರೆ, ತಲೆಯ ಗಾತ್ರ ಅಸಹಜವಾಗಿದ್ದರೆ ವೈದ್ಯರು ಬರೆಯುತ್ತಾರೆ. ಮಾತು ಹೋದದ್ದನ್ನು ಅವರಿಗೆ ತಾರೀಖು ಸಮೇತ ಹೇಳಿ. ಕ್ರೋಮೊಸೋಮ್ ಮೈಕ್ರೊಅರೇ, ಫ್ರಜೈಲ್ ಎಕ್ಸ್ ಎಂಬ ವಂಶವಾಹಿ ಪರೀಕ್ಷೆಗಳನ್ನು ನಿರ್ಣಯವಾದ ಮೇಲೆ ಕಾರಣ ಹುಡುಕಲು ಸೂಚಿಸಬಹುದು. ಎರಡನೇ ಮಗುವಿನ ಯೋಚನೆ ಇದ್ದರೆ ಉಪಯೋಗ. ಕೂದಲಿನ ಖನಿಜ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಶನ್ ಚಿಕಿತ್ಸೆಯಿಂದ ಮಕ್ಕಳ ಪ್ರಾಣವೇ ಹೋಗಿದೆ. ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ನಿಮ್ಮ ಫೋನಿಗೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಕೆಲವು ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಚಿಕಿತ್ಸೆಯಾಗಿ ಒಪ್ಪುವುದಿಲ್ಲ. ಒಡವೆ ಅಡವಿಟ್ಟು ಅಲ್ಲಿಗೆ ಹೋಗುವ ತಂದೆತಾಯಿಯರನ್ನು ಕಂಡಾಗ ಸಂಕಟವಾಗುತ್ತದೆ.

ಅಪಾಯಿಂಟ್‌ಮೆಂಟ್ ಸಿಗಲು ವಾರಗಳು ಹಿಡಿಯಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ, ನಿರ್ಣಯ ಏನೇ ಬಂದರೂ ಉಪಯೋಗವಾಗುವ ಕೆಲಸವಿದೆ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಗೋವಾದ ಸಂಗಾತ್ ಸಂಸ್ಥೆ ಸೇರಿ ನಡೆಸಿದ ಆ ಪ್ರಯೋಗದಲ್ಲಿ 2ರಿಂದ 9 ವರ್ಷದ 65 ಮಕ್ಕಳಿದ್ದರು. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ 12 ಭೇಟಿ. ತಾಯಿ-ಮಗು ಆಡುವುದನ್ನು ವಿಡಿಯೊ ತೆಗೆದು, ಅದನ್ನು ತಾಯಿಯ ಜೊತೆ ಕೂತು ನೋಡಿ, ಎಲ್ಲಿ ಮಗು ಪ್ರತಿಕ್ರಿಯಿಸಿತು ಎಂದು ಹುಡುಕುವುದು ಅದರ ತಿರುಳು. ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಿತು ಎಂದು 2016ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ. ಇಬ್ಬರೂ ಒಂದೇ ಕಡೆ ಗಮನವಿಡುವ ಹೊತ್ತು ಮಾತ್ರ ಕಡಿಮೆಯಾಯಿತು. ಪುಣೆಯಲ್ಲಿ ಥೆರಪಿಸ್ಟ್‌ಗೆ ಕನ್ನಡ ಬರದು ಎಂಬ ಚಿಂತೆಗೂ ಇಲ್ಲಿ ಪರಿಹಾರವಿದೆ. ಮಗುವಿನೊಂದಿಗೆ ಮಾತಾಡುವವರು ನೀವು, ಕನ್ನಡದಲ್ಲಿ. ಥೆರಪಿಸ್ಟ್ ನೋಡುವುದು ಯಾರು ಯಾವಾಗ ತಿರುಗಿದರು, ಯಾರು ಕಾದರು ಎಂಬುದನ್ನು.

ಮನೆಯಲ್ಲಿ ಹೀಗೆ ಮಾಡಿ. ದಿನಕ್ಕೆ ಎರಡು ಸಲ, ಹದಿನೈದು ಹದಿನೈದು ನಿಮಿಷ. ಚಾಪೆಯ ಮೇಲೆ ಅವನ ಎದುರಿಗೆ, ನಿಮ್ಮ ಮುಖ ಅವನ ಮುಖದ ಮಟ್ಟಕ್ಕೆ ಬರುವಂತೆ ಕೂರಿ. ಎರಡು-ಮೂರು ಆಟಿಕೆ ಸಾಕು, ಉಳಿದದ್ದು ಕಣ್ಣಿಗೆ ಬೀಳದಿರಲಿ. ಮೊದಲ ಒಂದೆರಡು ನಿಮಿಷ ಸುಮ್ಮನೆ ನೋಡಿ. ಗಾಲಿ ತಿರುಗಿಸುತ್ತಿದ್ದರೆ ಕಾರು ಕಿತ್ತುಕೊಂಡು ‘ಹೀಗೆ ಓಡಿಸು’ ಅನ್ನಬೇಡಿ; ಇನ್ನೊಂದು ಕಾರು ತೆಗೆದುಕೊಂಡು ನೀವೂ ಗಾಲಿ ತಿರುಗಿಸಿ. ‘ಗಿರ ಗಿರ ಗಿರ’ ಅನ್ನಿ. ನಿಲ್ಲಿಸಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕಷ್ಟವೆನಿಸುವುದು ಈ ಕಾಯುವುದೇ; ಮೂರಕ್ಕೇ ಬಾಯಿ ತೆರೆದುಬಿಡುತ್ತೇವೆ. ಅಷ್ಟರಲ್ಲಿ ಅವನು ಕಣ್ಣೆತ್ತಿದರೆ, ಸದ್ದು ಮಾಡಿದರೆ, ಕೈ ಅಲುಗಿಸಿದರೆ ಅದನ್ನೇ ಮಾತೆಂದು ತಿಳಿದು ಕೂಡಲೇ ಮತ್ತೆ ತಿರುಗಿಸಿ. ‘ಇದೇನು? ಯಾವ ಬಣ್ಣ? ಹೇಳು, ಹೇಳು’ ಎಂಬ ಪರೀಕ್ಷೆ ಬೇಡ. ಒಂದೆರಡು ಪದದಲ್ಲಿ ಅವನು ಮಾಡುತ್ತಿರುವುದನ್ನೇ ಹೇಳಿ: ‘ಬಿತ್ತು’, ‘ಮತ್ತೆ ಬಂತು’.

ಬಿಸ್ಕತ್ತಿನ ಡಬ್ಬಿಯ ಮೇಲೆ ನಿಮ್ಮ ಕೈ ಇಟ್ಟಾಗ ಡಬ್ಬಿಯನ್ನು ನಿಮ್ಮ ಮುಖದ ಹತ್ತಿರ ತನ್ನಿ, ‘ಬಿಸ್ಕತ್ತು’ ಅನ್ನಿ, ಎರಡು ಕ್ಷಣ ಕಾಯಿರಿ. ನೋಡಿದರೂ ಕೊಡಿ, ನೋಡದಿದ್ದರೂ ಕೊಡಿ. ಅಳುವವರೆಗೆ ಸತಾಯಿಸಿದರೆ ಅವನು ಕಲಿಯುವುದು ಅಳುವುದನ್ನು. ಗಲ್ಲ ಹಿಡಿದು ಮುಖ ತಿರುಗಿಸಬೇಡಿ. ಇನ್ನೊಂದು: ತಿರುಗುತ್ತಾನೋ ಎಂದು ನೋಡಲು ಮನೆಯವರೆಲ್ಲ ದಿನಕ್ಕೆ ಐವತ್ತು ಸಲ ಹೆಸರು ಕೂಗುತ್ತಿರಬಹುದು. ನಿಲ್ಲಿಸಿ. ಹೆಸರು ಸವೆದುಹೋಗುತ್ತದೆ. ಕೊಡಲು ಏನಾದರೂ ಇದ್ದಾಗ, ಎತ್ತಿಕೊಳ್ಳುವಾಗ, ಕಚಗುಳಿ ಇಡುವ ಮೊದಲು ಮಾತ್ರ ಕರೆಯಿರಿ. ಹೆಸರಿನ ಹಿಂದೆ ಪ್ರತಿ ಸಲ ಖುಷಿ ಬರಲಿ.

ವಾರಕ್ಕೊಮ್ಮೆ ಹತ್ತು ನಿಮಿಷ ಈ ಆಟವನ್ನು ನಿಮ್ಮವರು ಫೋನಿನಲ್ಲಿ ತೆಗೆಯಲಿ. ಮಗು ಮಲಗಿದ ಮೇಲೆ ಇಬ್ಬರೂ ಕೂತು ನೋಡಿ. ಅವನು ನಿಮ್ಮತ್ತ ನೋಡಿದ ಎರಡು ಗಳಿಗೆ ಹುಡುಕಿ, ಅದಕ್ಕೆ ಮುಂಚೆ ನೀವೇನು ಮಾಡಿದ್ದಿರಿ ಎಂದು ಗಮನಿಸಿ. ಮರುದಿನ ಅದನ್ನೇ ಮಾಡಿ.

ಆಟಿಸಂ ಎಂದೇ ಖಚಿತವಾದರೆ ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ ಎಷ್ಟು ಬೇಕೆಂದು ತಜ್ಞರು ಬರೆದು ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ನ್ಯಾಷನಲ್ ಟ್ರಸ್ಟಿನ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಆಮೇಲಿನ ಕೆಲಸ. ಉತ್ತರ ಗೋವಾ ಸೇರಿ ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 2ರಿಂದ 9 ವರ್ಷದ ಸರಿಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ನರ-ಬೆಳವಣಿಗೆಯ ಏನಾದರೊಂದು ತೊಂದರೆ ಇತ್ತು. ನಿಮ್ಮ ಸೊಸೈಟಿಯಲ್ಲೂ ಇಂಥ ಮನೆಗಳು ಇದ್ದೇ ಇರುತ್ತವೆ. ಮುಚ್ಚಿಡುವ ಸಂಗತಿ ಇದಲ್ಲ.

ಡಾಕ್ಟರ ಬಳಿ ಹೋಗುವಾಗ ಮೂರು ವಿಡಿಯೊ ಒಯ್ಯಿರಿ, ತಲಾ ಎರಡು-ಮೂರು ನಿಮಿಷದ್ದು: ಹೆಸರು ಕರೆದದ್ದು, ಊಟದ್ದು, ಗಾಲಿ ತಿರುಗಿಸುವುದು. ‘ಟಾಟಾ’ ಅನ್ನುತ್ತಿದ್ದ ಹಳೆಯ ವಿಡಿಯೊ ಫೋನಿನಲ್ಲಿ ಉಳಿದಿದ್ದರೆ ಅದನ್ನು ತಪ್ಪದೆ ಹುಡುಕಿ, ಅದರ ತಾರೀಖೇ ಅರ್ಧ ಉತ್ತರ. ಹಗಲಿಡೀ ಅವನನ್ನು ನೋಡಿಕೊಳ್ಳುವವರು ಮಾವಶಿಯಾದ್ದರಿಂದ ಆ ದಿನ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಮುಂದೆ ಅವರು ತಮ್ಮ ಮರಾಠಿಯಲ್ಲೇ ಹೇಳಲಿ.